ಹಣ ಕೊಡುವ ಸಾಮಾಜಿಕ ಜಾಲತಾಣ: ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

'ನಮ್ಮ ಜಾಲತಾಣಕ್ಕೆ ಸೇರಿ. ಚಿತ್ರಗಳಿಗೆ ಲೈಕ್ ಒತ್ತಿ, ದಿನಕ್ಕೆ 500 ರೂಪಾಯಿ ಗಳಿಸಿ. ಗೆಳೆಯರನ್ನು ಸೇರಿಸಿದರೆ ಇನ್ನೂ ಹೆಚ್ಚು!' ಇಂತಹ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದನ್ನು ಕಳುಹಿಸುವವರು ಯಾವಾಗಲೂ ಅಪರಿಚಿತರೇ ಆಗಿರುವುದಿಲ್ಲ. ಸಹಪಾಠಿ, ಸಹೋದ್ಯೋಗಿ ಅಥವಾ ಹತ್ತಿರದ ನೆಂಟರೂ ಆಗಿರಬಹುದು. ಆದ್ದರಿಂದಲೇ 'ಬೇಡ' ಎನ್ನುವುದು ಕಷ್ಟ.

ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯ ಕಾಲೇಜೊಂದರ ವಿದ್ಯಾರ್ಥಿಗೆ ಇಂತಹ ಸಂದೇಶ ಬಂದಿದೆ ಎಂದುಕೊಳ್ಳಿ. ದಿನಕ್ಕೆ 500 ರೂಪಾಯಿ ಎಂದರೆ ತಿಂಗಳಿಗೆ 15 ಸಾವಿರ. ಕೋಣೆ ಬಾಡಿಗೆ, ಊಟ, ಪುಸ್ತಕ ಎಲ್ಲವೂ ಅದರಲ್ಲಿ ಮುಗಿದು ಮನೆಗೂ ಒಂದಿಷ್ಟು ಕಳುಹಿಸಬಹುದು. ಆಸೆ ಹುಟ್ಟುವುದು ಸಹಜ, ಅದರಲ್ಲಿ ದಡ್ಡತನವೇನೂ ಇಲ್ಲ. ಆ ವಿದ್ಯಾರ್ಥಿ ಸೇರುವ ಮೊದಲು ತನ್ನ ಶಿಕ್ಷಕರನ್ನು ಕೇಳಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಗಣಕ ತಜ್ಞತೆಯ ಅಗತ್ಯವಿಲ್ಲ. ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ಜಾಲತಾಣವೊಂದು ಬಳಕೆದಾರರಿಗೆ ಹಣ ಕೊಡಲು ಸಾಧ್ಯವೇ?

ಸಾಧ್ಯ. ಸಾಮಾಜಿಕ ಜಾಲತಾಣಗಳ ಮುಖ್ಯ ಆದಾಯ ಜಾಹೀರಾತು. ನೀವು ಪರದೆ ನೋಡುತ್ತಿರುವಾಗ ನಡುವೆ ಸಾಬೂನಿನ ಅಥವಾ ಮೊಬೈಲಿನ ಜಾಹೀರಾತು ಬರುತ್ತದೆ. ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ಕ್ಷಣಾರ್ಧದಲ್ಲಿ ಗಣಕಗಳ ಮೂಲಕವೇ ಹರಾಜು ನಡೆಯುತ್ತದೆ. ಗೆದ್ದವರು ತಾಣಕ್ಕೆ ಹಣ ಕೊಡುತ್ತಾರೆ. ಜನರನ್ನು ಆ ಪುಟಕ್ಕೆ ಸೆಳೆದದ್ದು ಯಾರೋ ಒಬ್ಬರ ಹಾಡು, ಪಾಠ ಅಥವಾ ಅಡುಗೆಯ ವಿಡಿಯೊ. ಅವರಿಗೂ ಒಂದು ಪಾಲು ಕೊಡುವುದು ನ್ಯಾಯ. ಯೂಟ್ಯೂಬ್ 2007ರಲ್ಲಿ ಆರಂಭಿಸಿದ ಪಾಲುದಾರರ ಯೋಜನೆ ಇದೇ ತತ್ವದ ಮೇಲೆ ನಡೆಯುತ್ತಿದೆ. ಉದ್ದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ. 55ರಷ್ಟು ಅದನ್ನು ತಯಾರಿಸಿದವರಿಗೆ ಹೋಗುತ್ತದೆ.

ಆದುದರಿಂದ 'ಜಾಲತಾಣ ಹಣ ಕೊಡುತ್ತದೆ' ಎಂದ ಮಾತ್ರಕ್ಕೆ ಅದು ಮೋಸ ಎನ್ನಲಾಗದು. ಕೇಳಬೇಕಾದ ಪ್ರಶ್ನೆ ಒಂದೇ: ಆ ಹಣ ಎಲ್ಲಿಂದ ಬರುತ್ತದೆ? ಜಲಾಶಯದ ಲೆಕ್ಕ ನಿಮಗೆ ಗೊತ್ತಿದೆ. ಒಳಹರಿವಿಗಿಂತ ಹೊರಹರಿವು ಹೆಚ್ಚಾದರೆ ನೀರಿನ ಮಟ್ಟ ಇಳಿಯುತ್ತದೆ, ಒಂದು ದಿನ ತಳ ಕಾಣುತ್ತದೆ. ಹಣದ ಲೆಕ್ಕವೂ ಹಾಗೆಯೇ. ಒಳಬರುವ ಹಣಕ್ಕೆ ಮೂರು ದಾರಿಗಳಿವೆ: ಹೊರಗಿನ ಜಾಹೀರಾತುದಾರರು, ಹೊಸದಾಗಿ ಸೇರುವ ಸದಸ್ಯರು, ಇಲ್ಲವೇ ತಾಣವೇ ಸೃಷ್ಟಿಸಿದ ನಾಣ್ಯ. ಯಾವ ದಾರಿ ಎಂಬುದು ತಿಳಿದರೆ ಉಳಿದೆಲ್ಲವೂ ತಿಳಿದಂತೆಯೇ.

ನಾನು ಕೇವಲ ನೋಡುಗ. ನನ್ನ ಗಮನಕ್ಕೆ ಬೆಲೆ ಎಷ್ಟು?

ಇದನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ, ಒಬ್ಬ ಬಳಕೆದಾರರಿಂದ ಸರಾಸರಿ ಎಷ್ಟು ಆದಾಯ ಬಂತು ಎಂಬುದನ್ನು ಷೇರುದಾರರಿಗಾಗಿ ಪ್ರಕಟಿಸುತ್ತಿತ್ತು. 2023ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ ಏಷ್ಯಾ-ಪೆಸಿಫಿಕ್ ವಲಯದ ಫೇಸ್‌ಬುಕ್ ಬಳಕೆದಾರರೊಬ್ಬರಿಂದ ಬಂದ ಸರಾಸರಿ ಆದಾಯ 5.52 ಡಾಲರ್. ಆಗ ಒಂದು ಡಾಲರಿಗೆ ಸುಮಾರು 83 ರೂಪಾಯಿ ಇತ್ತು. ಅಂದರೆ 92 ದಿನಗಳಿಗೆ ಸುಮಾರು 458 ರೂಪಾಯಿ. ಭಾಗಿಸಿ ನೋಡಿ, ದಿನಕ್ಕೆ ಸುಮಾರು 5 ರೂಪಾಯಿ!

ಇದು ಲಾಭವಲ್ಲ, ಒಟ್ಟು ಆದಾಯ. ಗಣಕಗಳ, ವಿದ್ಯುತ್ತಿನ, ನೌಕರರ ಖರ್ಚನ್ನು ಇದರಲ್ಲಿ ಕಳೆದಿಲ್ಲ. ಈ ವಲಯದಲ್ಲಿ ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾಗಳಂತಹ ಶ್ರೀಮಂತ ದೇಶಗಳೂ ಸೇರಿವೆ. ಅದೇ ಅವಧಿಯಲ್ಲಿ ಅಮೆರಿಕ ಮತ್ತು ಕೆನಡಾದ ಬಳಕೆದಾರರೊಬ್ಬರಿಂದ ಬಂದದ್ದು 68.44 ಡಾಲರ್, ಅಂದರೆ ದಿನಕ್ಕೆ ಸುಮಾರು 62 ರೂಪಾಯಿ. ಜಗತ್ತಿನ ಅತಿ ದೊಡ್ಡ ಜಾಹೀರಾತು ಸಂಸ್ಥೆಗಳಲ್ಲೊಂದು ತನ್ನ ಗಳಿಕೆಯ ಕೊನೆಯ ಪೈಸೆಯನ್ನೂ ಹಂಚಿಬಿಟ್ಟರೂ ನಮ್ಮ ಭಾಗದ ಬಳಕೆದಾರರಿಗೆ ದಿನಕ್ಕೆ 5 ರೂಪಾಯಿ, ಅಮೆರಿಕದವರಿಗೆ 62 ರೂಪಾಯಿ ಸಿಗುತ್ತದೆ. ಹಾಗಿದ್ದರೆ ಹೆಸರೇ ಕೇಳಿರದ ತಾಣವೊಂದು ಲೈಕ್ ಒತ್ತಿದವರಿಗೆಲ್ಲ ದಿನಕ್ಕೆ 500 ರೂಪಾಯಿ ಕೊಡುವುದು ಹೇಗೆ? ಈ ಹೋಲಿಕೆಯನ್ನು 'ಐದು ರೂಪಾಯಿಯ ಒರೆಗಲ್ಲು' ಎಂದು ನೆನಪಿಟ್ಟುಕೊಳ್ಳಬಹುದು.

'ನಾನು ಉಳಿದವರಿಗಿಂತ ಹೆಚ್ಚು ಕ್ಲಿಕ್ ಮಾಡುತ್ತೇನೆ, ಹೆಚ್ಚು ಕೊಡಲಿ' ಎನ್ನಬಹುದು. ಆದರೆ ಜಾಹೀರಾತುದಾರ ಹಣ ಕೊಡುವುದು ಕ್ಲಿಕ್ ಮಾಡಿದವರಲ್ಲಿ ಕೆಲವರಾದರೂ ವಸ್ತುವನ್ನು ಕೊಂಡಾರು ಎಂಬ ನಿರೀಕ್ಷೆಯಿಂದ. ಕೂಲಿಗಾಗಿ ಒತ್ತಿದ ಕ್ಲಿಕ್ಕಿನಲ್ಲಿ ಆ ನಿರೀಕ್ಷೆಗೆ ಆಧಾರವಿಲ್ಲ. ಅದು ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತಿದಂತೆ: ಮುಳ್ಳು ವಾಲುತ್ತದೆ, ತೂಕ ಹೆಚ್ಚುವುದಿಲ್ಲ. ಗೂಗಲ್‌ನ ಜಾಹೀರಾತು ವ್ಯವಸ್ಥೆ ಹಣ ಕೊಟ್ಟು ಕ್ಲಿಕ್ ಮಾಡಿಸುವುದನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ.

ಒಂದು ಲೈಕ್‌ಗೆ 5 ರೂಪಾಯಿ ಕೊಟ್ಟವರು ಇದ್ದರಲ್ಲವೇ?

ಇದ್ದರು. ದೆಹಲಿ ಸಮೀಪದ ನೋಯ್ಡಾದಲ್ಲಿದ್ದ ಅಬ್ಲೇಜ್ ಇನ್ಫೊ ಸೊಲ್ಯೂಷನ್ಸ್ ಎಂಬ ಕಂಪನಿ 'ಸೋಷಿಯಲ್ ಟ್ರೇಡ್' ಎಂಬ ತಾಣವನ್ನು ನಡೆಸುತ್ತಿತ್ತು. ಸೇರುವವರು 5,750 ರೂಪಾಯಿಯಿಂದ 57,500 ರೂಪಾಯಿವರೆಗೆ ಕಟ್ಟಬೇಕಿತ್ತು. ನಂತರ ತಮ್ಮ ಖಾತೆಗೆ ಬರುವ ಕೊಂಡಿಗಳನ್ನು ಒತ್ತಿದರೆ ಪ್ರತಿಯೊಂದಕ್ಕೂ 5 ರೂಪಾಯಿ. ಹೊಸಬರನ್ನು ಸೇರಿಸಿದವರಿಗೆ ಹೆಚ್ಚುವರಿ ಲಾಭ. 2017ರ ಫೆಬ್ರವರಿ ಆರಂಭದಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಕಂಪನಿಯ ಮುಖ್ಯಸ್ಥ ಅನುಭವ್ ಮಿತ್ತಲ್ ಅವರನ್ನು ಬಂಧಿಸಿತು. ಪೊಲೀಸರು ಅಂದು ನೀಡಿದ ಲೆಕ್ಕದಂತೆ ಸುಮಾರು 7 ಲಕ್ಷ ಜನರಿಂದ ಸಂಗ್ರಹಿಸಿದ ಮೊತ್ತ ಸುಮಾರು 3,700 ಕೋಟಿ ರೂಪಾಯಿ. ಸರಾಸರಿ ತೆಗೆದರೆ ಒಬ್ಬೊಬ್ಬರಿಗೆ 50 ಸಾವಿರ ರೂಪಾಯಿಗೂ ಹೆಚ್ಚು.

ಈಗ ಒರೆಗಲ್ಲಿಗೆ ಉಜ್ಜಿ ನೋಡಿ. ಫೇಸ್‌ಬುಕ್ ಒಬ್ಬ ಬಳಕೆದಾರರಿಂದ ಇಡೀ ದಿನದಲ್ಲಿ ಗಳಿಸುವಷ್ಟನ್ನು ಈ ತಾಣ ಒಂದೇ ಕ್ಲಿಕ್ಕಿಗೆ ಕೊಡುತ್ತಿತ್ತು. ಹೊರಗಿನ ಜಾಹೀರಾತಿನಿಂದ ಇದು ಬರಲಾರದು. ಸದಸ್ಯರು ಕಟ್ಟಿದ ಹಣವೇ ಸದಸ್ಯರಿಗೆ ಮರಳುತ್ತಿತ್ತು ಎಂಬುದು ತನಿಖಾಧಿಕಾರಿಗಳ ಆರೋಪ. ಬಂದ 57,500ರಲ್ಲಿ ದಿನಕ್ಕೆ ಕೆಲವು ನೂರು ಹಿಂದಿರುಗಿಸುತ್ತ ಹೋದರೆ ಮೊದಲ ಕೆಲವು ವಾರ ಎಲ್ಲರಿಗೂ ಸಂತೋಷ. ಆ ಸಂತೋಷವೇ ಮುಂದಿನವರನ್ನು ಕರೆತರುವ ಜಾಹೀರಾತು.

ನಾನು ಐವರನ್ನು ಸೇರಿಸಿದರೆ ಸಾಕಂತೆ. ಐವರು ಕಷ್ಟವೇ?

ನಿಮಗೆ ಕಷ್ಟವಾಗದಿರಬಹುದು. ಆದರೆ ನಿಮ್ಮ ಐವರೂ ತಲಾ ಐವರನ್ನು ಸೇರಿಸಬೇಕು, ಆ 25 ಮಂದಿಯೂ ತಲಾ ಐವರನ್ನು. ಇದು ಗುಣೋತ್ತರ ಶ್ರೇಢಿ. ಒಬ್ಬರಿಂದ ಆರಂಭಿಸಿ ಪ್ರತಿ ಹಂತದಲ್ಲಿ ಹೊಸದಾಗಿ ಸೇರಬೇಕಾದವರ ಸಂಖ್ಯೆ ಹೀಗಿರುತ್ತದೆ:

1ನೇ ಹಂತ – 5
2ನೇ ಹಂತ – 25
3ನೇ ಹಂತ – 125
4ನೇ ಹಂತ – 625
5ನೇ ಹಂತ – 3,125
6ನೇ ಹಂತ – 15,625
7ನೇ ಹಂತ – 78,125
8ನೇ ಹಂತ – 3,90,625
9ನೇ ಹಂತ – 19,53,125

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಷ್ಟೇ ಅಲ್ಲ, ಇಡೀ ಜಿಲ್ಲೆಯ ಹಸುಗೂಸುಗಳಿಂದ ಹಿಡಿದು ವೃದ್ಧರವರೆಗೆ ಎಲ್ಲರನ್ನೂ ಸೇರಿಸಿದರೂ ಒಂಬತ್ತನೆಯ ಹಂತವೊಂದನ್ನೇ ತುಂಬಲಾಗದು. ಹನ್ನೊಂದನೆಯ ಹಂತದವರೆಗಿನ ಒಟ್ಟು ಸಂಖ್ಯೆ 6,10,35,156. ಅದೇ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಅಂದರೆ ಹನ್ನೊಂದು ಹಂತಗಳಿಗೆ ರಾಜ್ಯವೇ ಮುಗಿದು ಉಳಿಯುವವರು ಸುಮಾರು 60 ಸಾವಿರ ಮಂದಿ ಮಾತ್ರ. ಹದಿಮೂರನೆಯ ಹಂತಕ್ಕೆ 122 ಕೋಟಿ ಹೊಸಬರು ಬೇಕು. 2011ರಲ್ಲಿ ಭಾರತದ ಜನಸಂಖ್ಯೆಯೇ 121 ಕೋಟಿ.

ಇನ್ನೊಂದು ಅಂಶ ಇದಕ್ಕಿಂತ ಮುಖ್ಯ. ಸರಪಳಿ ಎಂಟನೆಯ ಹಂತದಲ್ಲಿ ನಿಂತಿತು ಎನ್ನಿ. ಮೇಲಿನ ಒಬ್ಬರೂ ಸೇರಿ ಒಟ್ಟು ಸದಸ್ಯರು 4,88,281. ಇವರಲ್ಲಿ ಕೊನೆಯ ಹಂತದವರು 3,90,625, ಅಂದರೆ ಶೇ. 80. ಯಾವ ಹಂತದಲ್ಲಿ ನಿಂತರೂ ಈ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ನೂರರಲ್ಲಿ ಎಂಬತ್ತು ಮಂದಿಯ ಕೆಳಗೆ ಯಾರೂ ಇರುವುದಿಲ್ಲ. ಅವರು ಸೋಮಾರಿಗಳಾದ್ದರಿಂದ ಹೀಗಾಗುವುದಿಲ್ಲ, ಗಣಿತವೇ ಹಾಗಿದೆ. 'ನೀನು ಶ್ರಮ ಪಡಲಿಲ್ಲ' ಎಂದು ಸೋತವರನ್ನು ದೂರುವುದು ಇಂತಹ ಯೋಜನೆಗಳ ಹಳೆಯ ಉಪಾಯ.

ಸಿಂಧನೂರು ಭಾಗದ ರೈತರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರಿಗೆ ನೀರು ಮೊದಲು ಸಿಗುತ್ತದೆ, ಕೊನೆಯ ಭಾಗದವರು ಕಾಯಬೇಕು. ಆದರೂ ಕಾಲುವೆಯ ತಲೆಯಲ್ಲಿ ಜಲಾಶಯವೊಂದಿದೆ, ಅದಕ್ಕೆ ಮಳೆಯ ನೀರು ಬರುತ್ತದೆ. ಸರಪಳಿ ಯೋಜನೆಗೆ ಜಲಾಶಯವೇ ಇಲ್ಲ. ಅಲ್ಲಿ ಕೊನೆಯವರ ಹೊಲದ ನೀರನ್ನೇ ಎತ್ತಿ ಮೇಲಿನವರ ಹೊಲಕ್ಕೆ ಹರಿಸಲಾಗುತ್ತದೆ.

ಹಾಗಾದರೆ ಸ್ನೇಹಿತರನ್ನು ಆಹ್ವಾನಿಸಿದರೆ ಪಾಲು ಕೊಡುವ ತಾಣಗಳೆಲ್ಲ ಮೋಸವೇ?

ಅಲ್ಲ. 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ಸು ಎಂಬ ಜಾಲತಾಣವನ್ನು ನೋಡಿ. ಸೇರಲು ಶುಲ್ಕವಿರಲಿಲ್ಲ, ಆಹ್ವಾನ ಬೇಕಿತ್ತು. ಜಾಹೀರಾತಿನಿಂದ 100 ರೂಪಾಯಿ ಬಂದರೆ ತಾಣ 10 ರೂಪಾಯಿ ಇಟ್ಟುಕೊಂಡು 90 ರೂಪಾಯಿ ಹಂಚುತ್ತಿತ್ತು. ಅದರಲ್ಲಿ ಅರ್ಧ, ಅಂದರೆ 45 ರೂಪಾಯಿ ಬರೆದವರಿಗೆ. ಮೂರನೆಯ ಒಂದು ಭಾಗ, ಅಂದರೆ 30 ರೂಪಾಯಿ ಅವರನ್ನು ಕರೆತಂದವರಿಗೆ. ಅವರನ್ನು ಕರೆತಂದವರಿಗೆ 10 ರೂಪಾಯಿ. ಹೀಗೆ ಪ್ರತಿ ಮೆಟ್ಟಿಲಿಗೂ ಮೂರನೆಯ ಒಂದರಷ್ಟಾಗುತ್ತ ಹೋಗುತ್ತದೆ.

ಅನಂತ ಶ್ರೇಢಿಯ ಮೊತ್ತ ಕಂಡುಹಿಡಿಯಬಲ್ಲ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. 1/3 + 1/9 + 1/27 + ... ಎಂಬುದರ ಮೊತ್ತ 1/2. ಅದಕ್ಕೆ ಬರೆದವರ 1/2 ಸೇರಿದರೆ ಸರಿಯಾಗಿ 1. ಸರಪಳಿ ಎಷ್ಟೇ ಉದ್ದವಾದರೂ ಹಂಚಿಕೆ ಬಂದ ಹಣವನ್ನು ಮೀರುವುದಿಲ್ಲ. ಮೇಲಿನ ಯೋಜನೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಇಲ್ಲಿ ಹಂಚುವುದು ಹೊರಗಿನ ಜಾಹೀರಾತುದಾರರ ಹಣ, ಹೊಸಬರ ಠೇವಣಿಯಲ್ಲ.

ಆದರೂ ಟ್ಸು ಉಳಿಯಲಿಲ್ಲ. ಅದರ ಕೊಂಡಿಗಳು ಅನಪೇಕ್ಷಿತ ಸಂದೇಶಗಳಾಗಿ ಹರಡುತ್ತಿವೆ ಎಂದು ಫೇಸ್‌ಬುಕ್ 2015ರಲ್ಲಿ ಕೆಲವು ತಿಂಗಳು ಅವುಗಳನ್ನು ತಡೆಹಿಡಿಯಿತು. 2016ರ ಆಗಸ್ಟ್‌ನಲ್ಲಿ ತಾಣ ಮುಚ್ಚಿತು. ಪ್ರಾಮಾಣಿಕ ಲೆಕ್ಕವಿದ್ದರೂ ಹಂಚಲು ಸಾಕಷ್ಟು ಹಣ ಬೇಕು. ಅದು ಸಿಗುವುದು ಕೋಟ್ಯಂತರ ಜನ ನೋಡಿದಾಗ ಮಾತ್ರ.

ರೂಪಾಯಿಯ ಬದಲು 'ಕಾಯಿನ್' ಕೊಡುತ್ತಾರಂತೆ. ಅದು ಹೇಗೆ?

ಇದು ಮೂರನೆಯ ದಾರಿ. 2016ರಲ್ಲಿ ನೆಡ್ ಸ್ಕಾಟ್ ಮತ್ತು ಡಾನ್ ಲಾರಿಮರ್ ಆರಂಭಿಸಿದ ಸ್ಟೀಮಿಟ್ ತಾಣ ಇದರ ಪ್ರಸಿದ್ಧ ಉದಾಹರಣೆ. ಅಲ್ಲಿ ಬರೆಹಕ್ಕೆ ಓದುಗರ ಮತ ಬಿದ್ದಂತೆ ಲೇಖಕರಿಗೆ 'ಸ್ಟೀಮ್' ಎಂಬ ಗೂಢಲಿಪಿ ನಾಣ್ಯ ಸಿಗುತ್ತದೆ. ಅದರ ಲೆಕ್ಕ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆಪುಸ್ತಕದಲ್ಲಿ ದಾಖಲಾಗುತ್ತದೆ. ಬಹುಮಾನಕ್ಕಾಗಿ ವ್ಯವಸ್ಥೆ ನಿರಂತರವಾಗಿ ಹೊಸ ನಾಣ್ಯಗಳನ್ನು ಸೃಷ್ಟಿಸುತ್ತದೆ. ಹೆಚ್ಚು ನಾಣ್ಯವಿರುವವರ ಮತಕ್ಕೆ ಹೆಚ್ಚು ತೂಕ.

ನಾಣ್ಯವನ್ನು ಸೃಷ್ಟಿಸಬಹುದು, ಅದರ ಬೆಲೆಯನ್ನು ಸೃಷ್ಟಿಸಲಾಗದು. ಯಾರಾದರೂ ನಿಜವಾದ ಹಣ ಕೊಟ್ಟು ಅದನ್ನು ಕೊಂಡರೆ ಮಾತ್ರ ಅದು ನಿಮಗೆ ಆದಾಯ. 2018ರ ಜನವರಿಯಲ್ಲಿ ಒಂದು ಸ್ಟೀಮ್‌ನ ಬೆಲೆ 8 ಡಾಲರ್ ದಾಟಿತ್ತು. ಅದೇ ವರ್ಷದ ಕೊನೆಗೆ ಅರ್ಧ ಡಾಲರ್‌ಗಿಂತ ಕೆಳಗಿಳಿಯಿತು. ಅದೇ ಬರೆಹ, ಅಷ್ಟೇ ನಾಣ್ಯ, ಆದರೆ ಕೈಗೆ ಬರುವ ಹಣ ಹದಿನಾರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ! 2020ರಲ್ಲಿ ಒಡೆತನ ಕೈಬದಲಾದಾಗ ಬಳಕೆದಾರರ ಒಂದು ಗುಂಪು ಪ್ರತ್ಯೇಕಗೊಂಡು 'ಹೈವ್' ಎಂಬ ಬೇರೆ ಜಾಲವನ್ನೇ ಕಟ್ಟಿಕೊಂಡಿತು. ಭಾರತದಲ್ಲಿ ಇಂತಹ ನಾಣ್ಯಗಳನ್ನು ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆ ಇದೆ ಎಂಬುದೂ ನೆನಪಿರಲಿ. 'ನಮ್ಮ ಕಾಯಿನ್ ಮೊದಲು ಕೊಂಡುಕೊಳ್ಳಿ, ಆಮೇಲೆ ಗಳಿಸಿ' ಎಂದರೆ ಅದು ಶುಲ್ಕದ ಇನ್ನೊಂದು ಹೆಸರು.

ನನಗೆ ಮೊದಲ ದಿನವೇ ಹಣ ಬಂತು. ಇದು ಪುರಾವೆಯಲ್ಲವೇ?

ಗಾಳದ ಹುಳು ಮೀನಿಗೆ ನಿಜವಾಗಿಯೂ ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ವಾಟ್ಸಾಪ್ ಮತ್ತು ಟೆಲಿಗ್ರಾಂ ಮೂಲಕ ನಡೆಯುತ್ತಿರುವ 'ಟಾಸ್ಕ್' ವಂಚನೆಯ ಕ್ರಮ ಹೀಗಿದೆ. ಮೊದಲು ಕೆಲವು ವಿಡಿಯೊಗಳಿಗೆ ಲೈಕ್ ಒತ್ತಿಸಿ 100-200 ರೂಪಾಯಿ ಖಾತೆಗೆ ಹಾಕುತ್ತಾರೆ. ಆಮೇಲೆ 'ಸಾವಿರ ಕಟ್ಟಿದರೆ ಸಾವಿರದ ಮುನ್ನೂರು' ಎಂಬ ಟಾಸ್ಕ್. ಅದೂ ಬರುತ್ತದೆ. ನಂತರ ಮೊತ್ತ ಏರುತ್ತದೆ. ಪರದೆಯ ಮೇಲೆ ಲಕ್ಷಗಟ್ಟಲೆ ಲಾಭ ಕಾಣುತ್ತದೆ. ತೆಗೆಯಲು ಹೋದರೆ 'ತೆರಿಗೆ ಕಟ್ಟಿ', 'ಖಾತೆ ತೆರವುಗೊಳಿಸಲು ಶುಲ್ಕ ಕಟ್ಟಿ' ಎನ್ನುತ್ತಾರೆ. ಪರದೆಯ ಮೇಲಿನ ಅಂಕಿ ಹಣವಲ್ಲ, ಯಾರು ಬೇಕಾದರೂ ಬರೆಯಬಹುದಾದ ಅಂಕಿ.

2023ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರು ಪೊಲೀಸರು ಇಂತಹದೊಂದು ಜಾಲಕ್ಕೆ ಸಂಬಂಧಿಸಿದಂತೆ ಆರು ಮಂದಿಯನ್ನು ಬಂಧಿಸಿದರು. ದೇಶದಾದ್ಯಂತ ಸಾವಿರಾರು ಜನರಿಂದ ಸಂಗ್ರಹಿಸಿದ 854 ಕೋಟಿ ರೂಪಾಯಿ ಆ ಖಾತೆಗಳ ಮೂಲಕ ಹರಿದಿತ್ತು. ತಡೆಹಿಡಿಯಲು ಸಾಧ್ಯವಾದದ್ದು 5 ಕೋಟಿ, ಅಂದರೆ ನೂರು ರೂಪಾಯಿಗೆ 60 ಪೈಸೆಯಷ್ಟು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂತಹ ನೂರಕ್ಕೂ ಹೆಚ್ಚು ತಾಣಗಳನ್ನು ನಿರ್ಬಂಧಿಸಿತು.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಒಂದು ಪಾಠವಿದೆ. ಎರಡು ಸಿದ್ಧಾಂತಗಳೂ ಒಂದೇ ಫಲಿತಾಂಶವನ್ನು ಮುನ್ಸೂಚಿಸಿದರೆ ಆ ಫಲಿತಾಂಶ ಯಾವುದಕ್ಕೂ ಪುರಾವೆಯಾಗದು. ಪ್ರಾಮಾಣಿಕ ತಾಣವೂ ಮೊದಲ ದಿನ ಹಣ ಕೊಟ್ಟೀತು, ಮೋಸದ ತಾಣವೂ ಕೊಟ್ಟೀತು. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಬೇರೆ: ಹಣ ಪಡೆಯಲು ನೀವು ಹಣ ಕಟ್ಟಬೇಕೇ? ಕಟ್ಟಬೇಕು ಎಂದಾದರೆ ಅಲ್ಲಿಗೇ ನಿಲ್ಲಿಸಿ.

ಕಂಪನಿ ನೋಂದಣಿಯಾಗಿದೆ, ಪ್ರಮಾಣಪತ್ರವೂ ಇದೆ ಎನ್ನುತ್ತಾರಲ್ಲ?

ನೋಂದಣಿ ಒಂದು ಹೆಸರಿನ ದಾಖಲೆ. ಅದು ಜನರಿಂದ ಠೇವಣಿ ಸಂಗ್ರಹಿಸಲು ಅನುಮತಿಯೂ ಅಲ್ಲ, ವ್ಯವಹಾರ ಪ್ರಾಮಾಣಿಕವೆಂಬ ಖಾತರಿಯೂ ಅಲ್ಲ. ಸೋಷಿಯಲ್ ಟ್ರೇಡ್ ನಡೆಸುತ್ತಿದ್ದುದೂ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯೇ.

ಬಿರುದಿನ ಹಿಂದಿನ ಹೆಸರನ್ನು ಹುಡುಕುವುದರ ಮಹತ್ವವನ್ನು ಮಸ್ಕಿಯವರಿಗೆ ಹೇಳಬೇಕಾಗಿಲ್ಲ. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದರಿಂದಲೇ ಆ ಬಿರುದು ಯಾರದೆಂಬುದು ದೃಢಪಟ್ಟಿತು. ನೀವೂ ಹಾಗೆಯೇ ಕೇಳಿ: 'ಡೈಮಂಡ್ ಲೀಡರ್', 'ಗ್ಲೋಬಲ್ ಟೀಮ್' ಎಂಬ ಬಿರುದುಗಳ ಹಿಂದೆ ಇರುವವರು ಯಾರು? ಕಚೇರಿ ಎಲ್ಲಿದೆ? ಹಣ ಸೇರುವುದು ಕಂಪನಿಯ ಖಾತೆಗೋ, ಯಾವುದೋ ವ್ಯಕ್ತಿಯ ಖಾತೆಗೋ? ಠೇವಣಿ ಸಂಗ್ರಹಿಸುವ ಸಂಸ್ಥೆಗಳ ಮಾಹಿತಿ ನೋಡಲು ಮತ್ತು ದೂರು ಕೊಡಲು ರಿಸರ್ವ್ ಬ್ಯಾಂಕ್ 2016ರಲ್ಲಿ 'ಸಚೇತ್' ಎಂಬ ಜಾಲತಾಣವನ್ನು ತೆರೆದಿದೆ.

ಕಾನೂನೂ ಸ್ಪಷ್ಟವಾಗಿದೆ. 1978ರ ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆಯಡಿ, ಸದಸ್ಯರನ್ನು ಸೇರಿಸುವುದನ್ನೇ ಆಧರಿಸಿ ಸುಲಭವಾಗಿ ಹಣ ಗಳಿಸುವ ಯೋಜನೆ ನಡೆಸುವುದಷ್ಟೇ ಅಲ್ಲ, ಅದಕ್ಕೆ ಜನರನ್ನು ಸೇರಿಸುವುದು, ಅದರಲ್ಲಿ ಭಾಗವಹಿಸುವುದು ಸಹ ಅಪರಾಧ. ಶಿಕ್ಷೆ ಮೂರು ವರ್ಷಗಳವರೆಗೆ ಇರಬಹುದು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯ್ದೆ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳಿಗೆ ಅವಕಾಶ ಕೊಡುವುದಿಲ್ಲ. ಅಂದರೆ ನಿಮ್ಮ ಮಾತು ನಂಬಿ ಸೇರಿದ ಗೆಳೆಯ ಹಣ ಕಳೆದುಕೊಂಡರೆ ಅವನ ದೂರಿನಲ್ಲಿ ನಿಮ್ಮ ಹೆಸರೂ ಇರಬಹುದು. ಸರ್ಕಾರಿ ಶಿಕ್ಷಕರು ಇನ್ನೊಂದನ್ನೂ ಗಮನಿಸಬೇಕು. ನಡತೆ ನಿಯಮಗಳಂತೆ ಪೂರ್ವಾನುಮತಿ ಇಲ್ಲದೆ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಶಿಷ್ಯರನ್ನೂ ಪೋಷಕರನ್ನೂ ಸೇರಿಸಿದ ಶಿಕ್ಷಕರು ಹಣಕ್ಕಿಂತ ದೊಡ್ಡದನ್ನು ಕಳೆದುಕೊಳ್ಳುತ್ತಾರೆ.

ಆಧಾರ್, ಬ್ಯಾಂಕ್ ವಿವರ ಕೇಳುತ್ತಾರೆ. ಕೊಡಬಹುದೇ?

ನಿಜವಾಗಿ ಹಣ ಪಾವತಿಸುವ ತಾಣಕ್ಕೆ ಒಂದು ಹಂತದಲ್ಲಿ ಖಾತೆಯ ವಿವರ ಬೇಕು. ಆದರೆ ನೀವು ಏನನ್ನೂ ಗಳಿಸುವ ಮೊದಲೇ ಆಧಾರ್, ಪಾನ್ ಪ್ರತಿ ಕೇಳುವುದು, ಮೊಬೈಲಿನಲ್ಲಿರುವ ಎಲ್ಲ ಸಂಪರ್ಕ ಸಂಖ್ಯೆಗಳನ್ನು ಓದಲು ಅನುಮತಿ ಕೇಳುವುದು ಅನುಮಾನಕ್ಕೆ ಎಡೆ. ಒಟಿಪಿ ಮತ್ತು ಯುಪಿಐ ಪಿನ್ ಅನ್ನು ಯಾರಿಗೂ ಹೇಳಬಾರದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು.

ವಿದ್ಯಾರ್ಥಿಗಳಿಗೆ ವಿಶೇಷ ಎಚ್ಚರಿಕೆ. 'ನಿನ್ನ ಖಾತೆಗೆ ಹಣ ಬರುತ್ತದೆ, ಅದನ್ನು ಮುಂದಕ್ಕೆ ಕಳುಹಿಸು, ಕಮಿಷನ್ ಇಟ್ಟುಕೋ' ಎಂಬ ಕೆಲಸವನ್ನು ಎಂದಿಗೂ ಒಪ್ಪಬೇಡಿ. ಬೇರೆಯವರಿಂದ ದೋಚಿದ ಹಣವನ್ನು ಸಾಗಿಸಲು ಬಳಸುವ ಇಂತಹ ಬಾಡಿಗೆ ಖಾತೆಗಳನ್ನು ಪೊಲೀಸರು 'ಮ್ಯೂಲ್ ಖಾತೆ' ಎನ್ನುತ್ತಾರೆ. ತನಿಖೆ ಮೊದಲು ಬಂದು ನಿಲ್ಲುವುದು ಖಾತೆಯ ಒಡೆಯನ ಬಾಗಿಲಿಗೆ.

ಹಾಗಾದರೆ ಪ್ರಾಮಾಣಿಕವಾಗಿ ಗಳಿಸುವ ದಾರಿ ಇಲ್ಲವೇ?

ಇದೆ, ಆದರೆ ನಿಧಾನ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಕಿರುವಿಡಿಯೊಗಳಿಗೆ 1 ಕೋಟಿ ನೋಟಗಳು ಬೇಕು. ಸಿಂಧನೂರಿನ ಗಣಿತ ಶಿಕ್ಷಕರೊಬ್ಬರು ಹತ್ತನೆಯ ತರಗತಿಯ ಪಾಠಗಳನ್ನು ವಿಡಿಯೊ ಮಾಡಿದರು ಎನ್ನಿ. ಪ್ರತಿ ನೋಡುಗರೂ ಸರಾಸರಿ 4 ನಿಮಿಷ ನೋಡಿದರೆ 4,000 ಗಂಟೆಯಾಗಲು 60,000 ನೋಟಗಳು ಬೇಕು. ಅದರ ನಂತರವೇ ಜಾಹೀರಾತಿನ ಗಳಿಕೆ ಆರಂಭ. ಅದೂ 100 ಡಾಲರ್ ಆಗುವವರೆಗೆ ಕೈಗೆ ಬರುವುದಿಲ್ಲ. ಬಂದ ಮೇಲೆ ಆದಾಯ ತೆರಿಗೆಯ ಲೆಕ್ಕಕ್ಕೂ ಸೇರುತ್ತದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರನ್ನು ನೆಲದಾಳದಿಂದ ತಂದು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಜಾಹೀರಾತಿನ ಆದಾಯವೂ ಅಂಥದ್ದೇ. ಸಾವಿರ ನೋಟಗಳೆಂಬ ಅದಿರಿನಿಂದ ಸೋಸಿ ಬರುವುದು ಚಿಟಿಕೆಯಷ್ಟು. ಆದರೆ ಅದು ನಿಜವಾದ ಚಿನ್ನ. ಇಲ್ಲಿ ಪ್ರವೇಶ ಶುಲ್ಕವಿಲ್ಲ, ಯಾರನ್ನೂ ಸೇರಿಸಬೇಕಾಗಿಲ್ಲ, ಸೋತರೆ ಹೋಗುವುದು ನಿಮ್ಮ ಸಮಯ ಮಾತ್ರ. ಪಾಠವಂತೂ ಉಳಿಯುತ್ತದೆ.

ಈಗಾಗಲೇ ಸೇರಿ ಹಣ ಕಟ್ಟಿದ್ದರೆ ಏನು ಮಾಡಬೇಕು?

ಮೊದಲನೆಯದಾಗಿ, ಇನ್ನೊಂದು ರೂಪಾಯಿಯನ್ನೂ ಕಟ್ಟಬೇಡಿ. ಹೋದ ಹಣ ಪಡೆಯಲು ಮತ್ತೆ ಕಟ್ಟುವುದು ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಇನ್ನೊಂದು ಬಿಂದಿಗೆ ಎಸೆದಂತೆ.

ಎರಡನೆಯದಾಗಿ, ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ಆರ್ಥಿಕ ಸೈಬರ್ ವಂಚನೆಗಳಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿಯೂ ದೂರು ಕೊಡಬಹುದು. ಹಣ ಒಂದು ಖಾತೆಯಿಂದ ಹತ್ತಾರು ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಹಿಡಿಯಬೇಕಾದ್ದರಿಂದ ಮೊದಲ ಕೆಲವು ಗಂಟೆಗಳು ಅಮೂಲ್ಯ.

ಮೂರನೆಯದಾಗಿ, ಸಂದೇಶಗಳು, ಪಾವತಿಯ ಸಂಖ್ಯೆಗಳು, ಖಾತೆಯ ವಿವರಗಳನ್ನು ಅಳಿಸದೆ ಉಳಿಸಿಕೊಳ್ಳಿ. ನಾಲ್ಕನೆಯದಾಗಿ, ನಿಮ್ಮ ನಷ್ಟ ತುಂಬಿಕೊಳ್ಳಲು ಹೊಸಬರನ್ನು ಸೇರಿಸಬೇಡಿ. ಬಹುತೇಕ ಸರಪಳಿಗಳು ಬೆಳೆಯುವುದು ದುರಾಸೆಯಿಂದಲ್ಲ, ಹೋದದ್ದನ್ನು ಹೇಗಾದರೂ ಪಡೆಯಬೇಕೆಂಬ ಸಂಕಟದಿಂದ. ಕೊನೆಯದಾಗಿ, ಮನೆಯವರಿಗೆ ಹೇಳಿ. ಮಕ್ಕಳು ಹೇಳಿಕೊಂಡಾಗ ಹಿರಿಯರು ಗದರಿಸದಿರುವುದು ಅಷ್ಟೇ ಮುಖ್ಯ. ನಾಚಿಕೆಯಿಂದ ಕಳೆದ ಪ್ರತಿ ಗಂಟೆಯೂ ವಂಚಕರಿಗೆ ಲಾಭ.

ತರಗತಿಯಲ್ಲಿ ಮಾಡಿ ನೋಡಿ

ಈ ವಿಷಯವನ್ನು ಉಪದೇಶವಾಗಿ ಹೇಳುವುದಕ್ಕಿಂತ ಚಟುವಟಿಕೆಯಾಗಿ ಮಾಡಿಸುವುದು ಪರಿಣಾಮಕಾರಿ. 31 ವಿದ್ಯಾರ್ಥಿಗಳಿಗೆ ತಲಾ ಹತ್ತು ಕಡಲೆಕಾಳು ಕೊಡಿ. ಒಬ್ಬರು ಐವರನ್ನು, ಆ ಐವರು ತಲಾ ಐವರನ್ನು ಸೇರಿಸಲಿ. ಸೇರುವ ಪ್ರತಿಯೊಬ್ಬರೂ ತಮ್ಮ ಹತ್ತು ಕಾಳುಗಳಲ್ಲಿ ಆರನ್ನು ತಮ್ಮನ್ನು ಸೇರಿಸಿದವರಿಗೆ, ನಾಲ್ಕನ್ನು ಮೊದಲನೆಯವರಿಗೆ ಕೊಡಲಿ. ಎರಡು ಹಂತ ಮುಗಿಯುವಷ್ಟರಲ್ಲಿ ತರಗತಿ ಖಾಲಿಯಾಗುತ್ತದೆ. ಈಗ ಎಣಿಸಿ. ಮಧ್ಯದ ಐವರ ಬಳಿ ತಲಾ 30 ಕಾಳು, ಮೊದಲನೆಯವರ ಬಳಿ 160, ಕೊನೆಯ 25 ಮಂದಿಯ ಕೈ ಬರಿದು. ಒಟ್ಟು ಮಾತ್ರ ಆರಂಭದಲ್ಲಿದ್ದ 310 ಕಾಳುಗಳೇ. ಒಂದು ಕಾಳೂ ಹೊಸದಾಗಿ ಹುಟ್ಟಲಿಲ್ಲ, ಕೈ ಬದಲಾಯಿಸಿತು ಅಷ್ಟೆ.

ಆಮೇಲೆ ವಿದ್ಯಾರ್ಥಿಗಳು ತಮಗೆ ಬಂದ ಸಂದೇಶವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಹಣ ಎಲ್ಲಿಂದ ಬರುತ್ತದೆ? ಸೇರಲು ಅಥವಾ ಹಣ ತೆಗೆಯಲು ನಾನು ಹಣ ಕಟ್ಟಬೇಕೇ? ಹೊಸಬರು ಬರುವುದು ನಿಂತರೂ ಪಾವತಿ ಮುಂದುವರಿಯುತ್ತದೆಯೇ? ಹಿಂದೆ ಇರುವವರ ಹೆಸರು, ವಿಳಾಸ ನನಗೆ ಗೊತ್ತೇ? ಈ ನಾಲ್ಕಕ್ಕೂ ತೃಪ್ತಿಕರ ಉತ್ತರ ಸಿಗದ ತಾಣಕ್ಕೆ, ಕರೆದವರು ಎಷ್ಟೇ ಹತ್ತಿರದವರಾಗಿರಲಿ, 'ಬೇಡ' ಎನ್ನಲು ಹಿಂಜರಿಯಬೇಕಾಗಿಲ್ಲ. ಸಾಧ್ಯವಾದರೆ ಕರೆದವರ ಜೊತೆಗೇ ಕುಳಿತು ಈ ಲೆಕ್ಕವನ್ನು ಮಾಡಿ ತೋರಿಸಿ. ಅವರೂ ಆ ಎಂಬತ್ತರಲ್ಲಿ ಒಬ್ಬರಾಗಿರಬಹುದು.